ಮೊದಲು ಹೆಸರಿನ ಸಾಲು, ಆಮೇಲೆ ಕಲ್ಲು: ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕ ಕಟ್ಟಿದ ಬಗೆ

ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕಕ್ಕೆ ಹಾಕಿರುವುದು ಬೆಂಗಳೂರಿನ ಕಲ್ಲು ಅನ್ನುವ ಸಂದೇಶ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಸುದ್ದಿ ನಿಜವೇ. ಆದರೆ ಅಷ್ಟು ದೂರದಿಂದ ಕಲ್ಲು ತರಿಸುವ ದರ್ದು ಏನಿತ್ತು, ವಿಯೆಟ್ನಾಂ ಯುದ್ಧದಲ್ಲಿ ಸತ್ತ, ಕಾಣೆಯಾದ ಅಮೆರಿಕನ್ ಸೈನಿಕರ 58,000ಕ್ಕೂ ಹೆಚ್ಚು ಹೆಸರು ಆ ಕಲ್ಲಿನ ಮೇಲೆ ಹೇಗೆ ಕೂತವು, ಕೂತ ಮೇಲೆ ಏನೇನು ತೊಡಕು ಬಂತು ಎಂಬುದನ್ನು ಯಾರೂ ಬರೆಯುವುದಿಲ್ಲ. ಕಲ್ಲಿನ ಊರಿಗಿಂತ ಅದೇ ಹೆಚ್ಚು ಸ್ವಾರಸ್ಯದ ವಿಷಯ. ಈ ಸ್ಮಾರಕದಲ್ಲಿ ಕಲ್ಲಿನ ಬಣ್ಣ, ಹೊಳಪು, ಗೋಡೆಯ ಉದ್ದ, ನಡೆಯುವ ದಾರಿಯ ಇಳಿಜಾರು ಎಲ್ಲವೂ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಬಂದಂಥವು: ಇಷ್ಟು ಜನರ ಹೆಸರನ್ನು ಯಾವ ಕ್ರಮದಲ್ಲಿ, ಕಣ್ಣಿಗೆಟುಕುವ ಹಾಗೆ ಬರೆಯುವುದು ಹೇಗೆ?

ಹಿನ್ನೆಲೆ ಚುಟುಕಾಗಿ. ವಿಯೆಟ್ನಾಂನಲ್ಲಿ ಕಾದಾಡಿ ಗಾಯಗೊಂಡು ಮರಳಿದ್ದ ಜ್ಯಾನ್ ಸ್ಕ್ರಗ್ಸ್ 1979ರಲ್ಲಿ ಒಂದು ನಿಧಿ ಶುರು ಮಾಡಿದರು. ಸರ್ಕಾರದಿಂದ ಕೇಳಿದ್ದು ಜಾಗ ಮಾತ್ರ; ಸುಮಾರು 84 ಲಕ್ಷ ಡಾಲರ್ ಹಣ ಪೂರ್ತಿ ಜನರ ದೇಣಿಗೆಯಿಂದ ಬಂತು. 1980ರ ಜುಲೈ 1ರಂದು ಲಿಂಕನ್ ಸ್ಮಾರಕದ ಹತ್ತಿರದ ಕಾನ್‌ಸ್ಟಿಟ್ಯೂಷನ್ ಗಾರ್ಡನ್ಸ್‌ನಲ್ಲಿ ಜಾಗಕ್ಕೆ ಒಪ್ಪಿಗೆ ಸಿಕ್ಕಿತು. ಆಮೇಲೆ ಮುಕ್ತ ವಿನ್ಯಾಸ ಸ್ಪರ್ಧೆ. ಅದರ ಷರತ್ತುಗಳು ಕಡಿಮೆ, ಆದರೆ ಬಿಗಿ: ನೋಡುವವರನ್ನು ಯೋಚನೆಗೆ ಹಚ್ಚಬೇಕು, ಸುತ್ತಲ ಪರಿಸರಕ್ಕೆ ಹೊಂದಬೇಕು, ಸತ್ತವರ ಮತ್ತು ಕಾಣೆಯಾದವರ ಎಲ್ಲ ಹೆಸರೂ ಇರಬೇಕು, ಯುದ್ಧ ಸರಿಯೋ ತಪ್ಪೋ ಎಂಬ ಬಗ್ಗೆ ಒಂದು ಮಾತೂ ಇರಕೂಡದು.

ಬಂದದ್ದು 1,421 ವಿನ್ಯಾಸ. ಹೆಸರು ಮುಚ್ಚಿ, ನಂಬರು ಹಚ್ಚಿ, ಆಂಡ್ರ್ಯೂಸ್ ವಾಯುನೆಲೆಯ ಹ್ಯಾಂಗರ್ ಒಂದರಲ್ಲಿ ಅವನ್ನು ತೂಗುಹಾಕಿದರು. ಸಾಲಾಗಿ ಇಟ್ಟರೆ 1.3 ಮೈಲಿ ಆಗುತ್ತಿತ್ತು. ಎಂಟು ಜನ ತೀರ್ಪುಗಾರರು ಒಮ್ಮತದಿಂದ ಆರಿಸಿದ್ದು 1026ನೇ ನಂಬರು. ತೆರೆದು ನೋಡಿದರೆ ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಓದುತ್ತಿದ್ದ 21 ವರ್ಷದ ಮಾಯಾ ಲಿನ್. ಬಹುಮಾನ 20,000 ಡಾಲರ್. ಶವಸಂಸ್ಕಾರದ ಕಟ್ಟಡಗಳ ಬಗೆಗಿನ ಒಂದು ತರಗತಿಯ ಕೆಲಸವಾಗಿ ಶುರುವಾದ ವಿನ್ಯಾಸ ಅದು. ತರಗತಿಯಲ್ಲಿ ಸಿಕ್ಕ ಗ್ರೇಡು 'ಬಿ'.

ಲಿನ್ ಮನಸ್ಸಿನಲ್ಲಿದ್ದ ಮಾದರಿಗಳಲ್ಲಿ ಒಂದು ಫ್ರಾನ್ಸಿನ ತಿಯೆಪ್ವಾಲ್ ಸ್ಮಾರಕ. ಯೇಲ್‌ನಲ್ಲಿ ವಿನ್ಸೆಂಟ್ ಸ್ಕಲಿ ಮಾಡಿದ ಪಾಠದಿಂದ ಅದರ ಪರಿಚಯವಾಗಿತ್ತು. ಮೊದಲ ಮಹಾಯುದ್ಧದ ಸೊಮ್ ಯುದ್ಧಭೂಮಿಯಲ್ಲಿ ಗೋರಿಯೂ ಸಿಗದೆ ಹೋದ 72,000ಕ್ಕೂ ಹೆಚ್ಚು ಸೈನಿಕರ ಹೆಸರನ್ನು ಕಮಾನುಗಳ ಕಂಬಗಳ ಮೇಲೆ ಹೊತ್ತ ಆ ಕಟ್ಟಡ ಎಡ್ವಿನ್ ಲುಟಿಯನ್ಸ್ ಅವರದ್ದು. ನಮ್ಮ ದೆಹಲಿಯ ಇಂಡಿಯಾ ಗೇಟ್ ಕಟ್ಟಿದವರೂ ಅವರೇ. ಇಂಡಿಯಾ ಗೇಟ್ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರಿವೆ ಅನ್ನುವುದು ಅದರ ಎದುರು ನಿಂತು ಫೋಟೊ ತೆಗೆಸಿಕೊಂಡ ಎಷ್ಟು ಜನಕ್ಕೆ ಗೊತ್ತು? 42 ಮೀಟರ್ ಎತ್ತರದ ಕಮಾನು ಕಣ್ಣು ತುಂಬುತ್ತದೆ, ಹೆಸರು ಕಲ್ಲಿನ ಮೈಯಲ್ಲಿ ಕರಗಿಹೋಗುತ್ತದೆ. ಲಿನ್ ತೆಗೆದುಕೊಂಡದ್ದು ಹೆಸರುಗಳ ರಾಶಿಯನ್ನು, ಬಿಟ್ಟದ್ದು ಕಮಾನನ್ನು. ಎತ್ತರಕ್ಕೆ ಏನನ್ನೂ ಕಟ್ಟದೆ ನೆಲವನ್ನೇ ಕಡಿದು, ಕಡಿದ ಮಗ್ಗುಲಿಗೆ ಹೊಳಪಿನ ಕಲ್ಲು ಹೊದಿಸುವುದು. ಅಷ್ಟೇ ವಿನ್ಯಾಸ.

ಇನ್ನು ಕ್ರಮ. ಅಕಾರಾದಿಯಲ್ಲಿ ಬರೆದುಬಿಡಿ, ಹುಡುಕಲು ಸುಲಭ ಎಂದು ಅನೇಕರು ಪಟ್ಟು ಹಿಡಿದಿದ್ದರು. ರಕ್ಷಣಾ ಇಲಾಖೆಯ ಪಟ್ಟಿಯನ್ನು ತೆರೆದು ನೋಡಿದ ಮೇಲೆ ಆ ವಾದ ಬಿದ್ದುಹೋಯಿತು. ಸ್ಮಿತ್ ಎಂಬ ಮನೆತನದ ಹೆಸರಿನವರೇ 600ಕ್ಕೂ ಹೆಚ್ಚು. ಜೇಮ್ಸ್ ಜೋನ್ಸ್ 16 ಜನ. ಗೋಡೆಯ ಮೇಲೆ ದರ್ಜೆ ಇಲ್ಲ, ದಳ ಇಲ್ಲ, ಊರು ಇಲ್ಲ. ಅಂದಮೇಲೆ ಹದಿನಾರು ಜೇಮ್ಸ್ ಜೋನ್ಸ್‌ಗಳು ಒಂದರ ಕೆಳಗೊಂದು ಬಂದರೆ ಅದು ಸ್ಮಾರಕವಲ್ಲ, ಟೆಲಿಫೋನ್ ಡೈರೆಕ್ಟರಿ. ಹಾಗಾಗಿ ಸತ್ತ ಅಥವಾ ಕಾಣೆಯಾದ ದಿನದ ಕ್ರಮ, ಒಂದೇ ದಿನದವರೊಳಗೆ ಮಾತ್ರ ಅಕಾರಾದಿ. ಒಟ್ಟಿಗೆ ಹೋರಾಡಿ ಒಟ್ಟಿಗೆ ಸತ್ತವರು ಒಂದೇ ಕಡೆ ಸಿಗುತ್ತಾರೆ. ಬದುಕಿ ಬಂದ ಗೆಳೆಯ ಆ ವಾರವನ್ನೇ ಗೋಡೆಯ ಮೇಲೆ ಬೆರಳಿಟ್ಟು ತೋರಿಸಬಲ್ಲ.

ಈ ಕ್ರಮ ಎಡದಿಂದ ಬಲಕ್ಕೆ ನೇರವಾಗಿ ಓಡುವುದಿಲ್ಲ. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ, ಪೂರ್ವದ ಗೋಡೆಯ ಮೊದಲ ಫಲಕದ ಮೇಲ್ತುದಿಯಲ್ಲಿ 1959 ಎಂದು ಶುರು. ಅಲ್ಲಿಂದ ಬಲಕ್ಕೆ ಸಾಗುತ್ತಾ 1968ರ ಮೇ ತಿಂಗಳಿಗೆ ಬರುವಷ್ಟರಲ್ಲಿ ಪೂರ್ವದ ಗೋಡೆ ನೆಲದಲ್ಲಿ ಮುಗಿದುಹೋಗುತ್ತದೆ. ಪಟ್ಟಿ ಮತ್ತೆ ಎದ್ದು ಬರುವುದು ಪಶ್ಚಿಮದ ಗೋಡೆಯ ಆ ಕೊನೆಯ ತುದಿಯಿಂದ. ಅದು ಎತ್ತರವಾಗುತ್ತಾ ಬಂದು ಅದೇ ಮೂಲೆಯಲ್ಲಿ, ಫಲಕದ ಬುಡದಲ್ಲಿ, 1975ಕ್ಕೆ ನಿಲ್ಲುತ್ತದೆ. ಮೊದಲ ಸಾವು, ಕೊನೆಯ ಸಾವು ಅಕ್ಕಪಕ್ಕ. ನಡುವಿನ ಯಾವ ವರ್ಷವನ್ನೂ ಗೋಡೆಯ ಮೇಲೆ ಗುರುತಿಸಿಲ್ಲ. ಇಡೀ ಸ್ಮಾರಕದಲ್ಲಿ ಅತಿ ಜಾಣತನದ ನಿರ್ಧಾರ ಇದು. ಅತಿ ಹೆಚ್ಚು ತಲೆನೋವು ತಂದ ನಿರ್ಧಾರವೂ ಇದೇ. ಅದಕ್ಕೆ ಆಮೇಲೆ ಬರುತ್ತೇನೆ.

ಅಳತೆ ನೋಡೋಣ. ಒಂದೊಂದು ಗೋಡೆ 246 ಅಡಿ 9 ಇಂಚು, ಅಂದರೆ 75.2 ಮೀಟರ್. ಕೂಡುವ ಮೂಲೆಯಲ್ಲಿ ಎತ್ತರ 10.1 ಅಡಿ, ತುದಿಗಳಲ್ಲಿ ಬರೀ 8 ಇಂಚು. ಎರಡು ಗೋಡೆಗಳ ನಡುವಿನ ಕೋನ ಸುಮಾರು 125 ಡಿಗ್ರಿ. ಈ ಸಂಖ್ಯೆ ಎಲ್ಲಿಂದಲೋ ಬಂದದ್ದಲ್ಲ. ಒಂದು ಗೋಡೆ ನೇರವಾಗಿ ಲಿಂಕನ್ ಸ್ಮಾರಕದತ್ತ, ಇನ್ನೊಂದು ವಾಷಿಂಗ್ಟನ್ ಸ್ತಂಭದತ್ತ ತಿರುಗಿರಬೇಕೆಂದು ಗೆರೆ ಎಳೆದಾಗ ಸಿಕ್ಕ ಕೋನ. ನಡೆಯುವ ದಾರಿ ಗೋಡೆಯ ಬುಡದಲ್ಲೇ ಇಳಿಯುತ್ತದೆ. 75 ಮೀಟರಿಗೆ ಸುಮಾರು 2.9 ಮೀಟರ್ ಇಳಿತ ಎಂದರೆ 26ಕ್ಕೆ 1ರ ಇಳಿಜಾರು. ಗಾಲಿಕುರ್ಚಿಯವರಿಗೆ 20ಕ್ಕೆ 1ಕ್ಕಿಂತ ಕಡಿದಾದರೆ ಕೈಗೆ ಹಿಡಿದುಕೊಳ್ಳುವ ಕಂಬಿ, ನಡುನಡುವೆ ಸಮತಟ್ಟು ಎಲ್ಲ ಬೇಕಾಗುತ್ತದೆ. ಇಲ್ಲಿ ಯಾವುದೂ ಬೇಕಾಗಿಲ್ಲ. ಕಂಬಿ ಇದ್ದಿದ್ದರೆ ಜನ ಮತ್ತು ಹೆಸರಿನ ನಡುವೆ ಒಂದು ಬೇಲಿ ಬಂದುಬಿಡುತ್ತಿತ್ತು. ಗೋಡೆಯ ಉದ್ದ ಇನ್ನಷ್ಟು ಕಡಿಮೆಯಿದ್ದು ಎತ್ತರ ಇಷ್ಟೇ ಇದ್ದಿದ್ದರೆ ಆ ಬೇಲಿ ತಪ್ಪುತ್ತಿರಲಿಲ್ಲ.

ಆ ಜಾಗದ ಮಣ್ಣು ಪೊಟೊಮ್ಯಾಕ್ ನದಿಯ ಜೌಗಿಗೆ ಹೂಳು ತುಂಬಿಸಿ ಮಾಡಿದ್ದು, ನಂಬುವಂಥದ್ದಲ್ಲ. ಗೋಡೆ ಕಾಲು ಇಂಚು ಕುಸಿದರೂ ಕನ್ನಡಿಯಂಥ ಕಲ್ಲಿನ ಸಂದುಗಳಲ್ಲಿ ತಕ್ಷಣ ಕಾಣಿಸುತ್ತದೆ. ಅದಕ್ಕಾಗಿ 140 ಕಾಂಕ್ರೀಟ್ ಪೈಲ್‌ಗಳನ್ನು (ಅಡಿಪಾಯದ ಕಂಬಗಳನ್ನು) ಸುಮಾರು 35 ಅಡಿ ಆಳಕ್ಕೆ, ಬಂಡೆ ಸಿಗುವವರೆಗೆ ಇಳಿಸಿದರು. ನಕ್ಷೆಯನ್ನು ಕಟ್ಟುವ ಹಂತಕ್ಕೆ ತಂದದ್ದು ಕೂಪರ್-ಲೆಕಿ ವಾಸ್ತುಶಿಲ್ಪ ಸಂಸ್ಥೆ. ನಾವು ನೋಡುವ ಕಪ್ಪು ಗೋಡೆ ಬರೀ ಹೊದಿಕೆ. ಮಣ್ಣಿನ ಒತ್ತಡ ತಡೆಯುವುದು ಹಿಂದಿರುವ ಕಾಂಕ್ರೀಟು.

ಈಗ ಕಲ್ಲಿಗೆ ಬರೋಣ. ಲಿನ್‌ಗೆ ಬೇಕಾಗಿದ್ದದ್ದು ಕನ್ನಡಿಯಷ್ಟು ಹೊಳೆಯುವ, ದೊಡ್ಡ ಚಪ್ಪಡಿಯಾಗಿ ಸಿಗುವ, ಗೆರೆ, ಚುಕ್ಕೆ, ಮಚ್ಚೆ ಇಲ್ಲದ ಕಪ್ಪು. ಆ ಗುಣಮಟ್ಟದ್ದು ಆಗ ಮುಖ್ಯವಾಗಿ ಸ್ವೀಡನ್, ದಕ್ಷಿಣ ಆಫ್ರಿಕಾ ಮತ್ತು ಭಾರತದಲ್ಲಿ ಸಿಗುತ್ತಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದ ಅಮೆರಿಕನ್ ಹುಡುಗರಿಗೆ ಆಸರೆ ಕೊಟ್ಟಿದ್ದ ದೇಶ ಸ್ವೀಡನ್. ಅಲ್ಲಿನ ಕಲ್ಲನ್ನು ಯೋಧರು ಒಪ್ಪುವ ಹಾಗಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ. ಉಳಿದದ್ದು ಬೆಂಗಳೂರು. ಕಲ್ಲಿನ ಗುಣ ಒಂದು ತೂಕವಾದರೆ ರಾಜಕೀಯ ಇನ್ನೊಂದು ತೂಕ.

ನಮ್ಮಲ್ಲಿ ಕನಕಪುರ ಬ್ಲ್ಯಾಕ್, ಚಾಮರಾಜನಗರ ಬ್ಲ್ಯಾಕ್ ಎಂದೆಲ್ಲ ಮಾರುವ ಕರಿಕಲ್ಲು ವ್ಯಾಪಾರದಲ್ಲಿ ಗ್ರಾನೈಟ್. ಭೂವಿಜ್ಞಾನಿಯನ್ನು ಕೇಳಿದರೆ ಡಾಲರೈಟ್ ಅಥವಾ ಗ್ಯಾಬ್ರೊ ಅನ್ನುತ್ತಾರೆ. ಹಳೆಯ ಬಂಡೆಯ ಬಿರುಕಿನೊಳಗೆ ಶಿಲಾರಸ ನುಗ್ಗಿ ಗಟ್ಟಿಯಾದ ಡೈಕ್‌ಗಳಿವು. ಬಿಳಿ ಸ್ಫಟಿಕ ಹೆಚ್ಚುಕಡಿಮೆ ಇಲ್ಲ, ಕಣ ಸಣ್ಣದು. ಹಾಗಾಗಿ ಪಾಲಿಶ್ ಏರಿದಂತೆ ಕಪ್ಪು ಗಾಢವಾಗುತ್ತದೆ. ಮೇಲ್ಮೈಯನ್ನು ಸ್ವಲ್ಪ ಒರಟು ಮಾಡಿದರೂ ಸಾಕು, ಆ ಭಾಗ ತೆಳು ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಡೀ ಸ್ಮಾರಕ ನಿಂತಿರುವುದು ಈ ಎರಡನೆಯ ಗುಣದ ಮೇಲೆ. ಹೆಸರುಗಳಿಗೆ ಬಣ್ಣ ತುಂಬಿಲ್ಲ, ಚಿನ್ನದ ಹಾಳೆ ಇಲ್ಲ. ಸ್ಲೇಟಿನ ಮೇಲೆ ಬಳಪದ ಅಕ್ಷರದ ಹಾಗೆ, ನಯವಾದ ಕಪ್ಪಿನ ಮೇಲೆ ಒರಟಾದ ಬೂದಿ.

ಬೆಂಗಳೂರಿನಿಂದ ಹೊರಟ ಕಲ್ಲು ವರ್ಮಾಂಟ್ ರಾಜ್ಯದ ಬ್ಯಾರಿ ಎಂಬ ಊರಿಗೆ ಹೋಯಿತು. ಕಲ್ಲುಕೆಲಸಕ್ಕೇ ಹೆಸರಾದ ಊರದು. ಅಲ್ಲಿ ಕೊಯ್ದು, ಪಾಲಿಶ್ ಮಾಡಿದ ಫಲಕಗಳ ಅಗಲ 40 ಇಂಚು, ದಪ್ಪ 3 ಇಂಚು. ಅತಿ ಎತ್ತರದ ಒಂದು ಫಲಕದ ತೂಕ ಲೆಕ್ಕ ಹಾಕಿದರೆ 700 ಕಿಲೋ ದಾಟುತ್ತದೆ. ಅಲ್ಲಿಂದ ಅಕ್ಷರ ಕೆತ್ತಲು ಟೆನೆಸ್ಸಿಯ ಮೆಂಫಿಸ್‌ಗೆ.

ಉಳಿ ಹಿಡಿದು ಕೆತ್ತುವ ಮಾತೇ ಇರಲಿಲ್ಲ. ಒಂದು ಹೆಸರಿಗೆ ಸರಾಸರಿ 15 ಅಕ್ಷರ ಹಿಡಿದರೂ ಎಂಟೂವರೆ ಲಕ್ಷಕ್ಕೂ ಮೇಲೆ ಅಕ್ಷರಗಳಾಗುತ್ತವೆ. 1982ರ ಮಾರ್ಚ್ 26ರಂದು ಗುದ್ದಲಿ ಬಿದ್ದದ್ದು, ನವೆಂಬರ್ 13ರಂದು ಲೋಕಾರ್ಪಣೆ. ಕೈಯಲ್ಲಿದ್ದದ್ದು ಎಂಟು ತಿಂಗಳಿಗೂ ಕಡಿಮೆ. ಮಾಮೂಲಿ ರಬ್ಬರ್ ಸ್ಟೆನ್ಸಿಲ್‌ನಲ್ಲಿ ಇಷ್ಟು ಸಣ್ಣ ಅಕ್ಷರವನ್ನು ಕತ್ತರಿಸುವುದೂ ಕಷ್ಟ: 'ಎ', 'ಆರ್', 'ಒ'ಗಳ ಒಳಗಿನ ಚೂರು ಕಿತ್ತುಬರುತ್ತದೆ, ಅಂಚು ಹರಿಯುತ್ತದೆ. ಕೈಹಿಡಿದದ್ದು ಫೋಟೊ ವಿಧಾನ. ರಕ್ಷಣಾ ಇಲಾಖೆಯ ಪಟ್ಟಿಯನ್ನು ಕಂಪ್ಯೂಟರಿನಿಂದ ನೇರ ಅಕ್ಷರಜೋಡಣೆಗೆ ಕೊಟ್ಟು ಫಿಲ್ಮ್ ತೆಗೆಯುವುದು. ಪಾಲಿಶ್ ಆದ ಕಲ್ಲಿಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿಯುವುದು. ಫಿಲ್ಮ್ ಇಟ್ಟು ಬೆಳಕು ಹಾಯಿಸಿದರೆ ಬೆಳಕು ತಾಗಿದ ಕಡೆ ಲೇಪ ಗಟ್ಟಿ, ಅಕ್ಷರದ ಕೆಳಗೆ ಮೆತ್ತಗೆ. ತೊಳೆದರೆ ಮೆತ್ತಗಿನದು ಹೋಗಿ ಅಕ್ಷರದ ಆಕಾರದಲ್ಲಿ ಕಲ್ಲು ಬಯಲಾಗುತ್ತದೆ. ಆಗ ಗಾಳಿಯ ಒತ್ತಡದಲ್ಲಿ ಗಡಸು ಪುಡಿಯನ್ನು ಹೊಡೆಯುವುದು, ಕೊನೆಗೆ ಲೇಪ ಕೀಳುವುದು. ಹೊಡೆಯುವ ಕೈ ಒಂದು ಕಡೆ ತುಸು ನಿಂತರೂ ಅಲ್ಲಿ ಆಳ ಹೆಚ್ಚಾಗಿ ಅಕ್ಷರ ದಪ್ಪಗೆ ಕಾಣುತ್ತದೆ. ಅವಸರ ಮಾಡಿದರೆ ಬೂದಿ ಬಣ್ಣವೇ ಏಳುವುದಿಲ್ಲ.

ಅಕ್ಷರದ ಎತ್ತರ 0.53 ಇಂಚು, ಆಳ 0.015 ಇಂಚು. ಮಿಲಿಮೀಟರಿನಲ್ಲಿ ಹೇಳಿದರೆ ಎತ್ತರ ಹದಿಮೂರೂವರೆ, ಆಳ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ತೆಳು ಕೆತ್ತನೆ ಮರಳುಗಲ್ಲಿನ ಮೇಲಿದ್ದಿದ್ದರೆ ಕೆಲವೇ ವರ್ಷಕ್ಕೆ ಸವೆದುಹೋಗುತ್ತಿತ್ತು. ಆಳದ ಕೆತ್ತನೆಯಲ್ಲಿ ಅಕ್ಷರವನ್ನು ತೋರಿಸುವುದು ನೆರಳು, ಇಲ್ಲಿ ಒರಟುತನ. ಅದಕ್ಕೇ ಸೂರ್ಯ ಯಾವ ಕಡೆ ಇದ್ದರೂ ಓದಬಹುದು, ಮಳೆ ಬಂದಾಗ ಮಾತ್ರ ಕಷ್ಟ: ನೀರು ಒರಟಿನೊಳಗೆ ಕೂತು ಅದನ್ನೂ ಕಪ್ಪಾಗಿಸುತ್ತದೆ, ಹೆಸರುಗಳು ಮಂಕಾಗುತ್ತವೆ, ಒಣಗಿದಾಗ ಮರಳುತ್ತವೆ. ಅಕ್ಷರವಿನ್ಯಾಸ ಹರ್ಮನ್ ಜಾಫ್ ಅವರ ಆಪ್ಟಿಮಾ. ಗೆರೆಯ ತುದಿಯಲ್ಲಿ ಕೊಕ್ಕೆ ಇಲ್ಲದ, ಆದರೆ ದಪ್ಪ-ತೆಳುವಿನ ಏರಿಳಿತ ಇರುವ ಅಕ್ಷರ. ಸಣ್ಣ ಅಳತೆಯಲ್ಲೂ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಸಾಲಿಗೆ ಐದು ಹೆಸರು, ಎತ್ತರದ ಫಲಕಗಳಲ್ಲಿ 137 ಸಾಲು, ತುದಿಯ ಪುಟ್ಟ ಫಲಕದಲ್ಲಿ ಒಂದೇ ಸಾಲು. ಹೆಸರಿರುವ ಫಲಕ ಒಂದೊಂದು ಗೋಡೆಗೆ 70.

ಪ್ರತಿ ಹೆಸರಿನ ಪಕ್ಕ ಒಂದು ಗುರುತಿದೆ. ವಜ್ರಾಕಾರ ಇದ್ದರೆ ಸಾವು ಖಚಿತ. ಕೂಡು ಗುರುತು ಇದ್ದರೆ ಯುದ್ಧ ಮುಗಿದಾಗ ಕಾಣೆ. ಅಂಥವರು ಸಾವಿರಕ್ಕೂ ಹೆಚ್ಚು. ಅಸ್ಥಿ ಸಿಕ್ಕಿ ಗುರುತು ಹತ್ತಿದರೆ ಕೂಡು ಗುರುತಿನ ಮೇಲೇ ವಜ್ರ ಕೆತ್ತುತ್ತಾರೆ. ಯಾರಾದರೂ ಜೀವಂತ ಬಂದರೆ ಸುತ್ತ ಒಂದು ವೃತ್ತ ಎಂದು ತೀರ್ಮಾನಿಸಿಟ್ಟಿದ್ದರು. ವೃತ್ತ ಕೆತ್ತುವ ಸಂದರ್ಭ ಒಂದೂ ಬಂದಿಲ್ಲ. ವಜ್ರದೊಳಗೆ ಅಡಗುವಂಥ ಕೂಡು ಗುರುತನ್ನು ಮೊದಲೇ ಯೋಚಿಸಿ ಆರಿಸಿದ್ದು ಚಿಕ್ಕ ವಿಷಯ ಅನ್ನಿಸಬಹುದು. ಹಾಗೆ ಮಾಡದಿದ್ದರೆ ಹಳೆಯದನ್ನು ಅಳಿಸಬೇಕಾಗುತ್ತಿತ್ತು. ಈ ಕಲ್ಲಿನ ಮೇಲೆ ಅಳಿಸುವುದು ಎಂಬುದೇ ಇಲ್ಲ. ಒಂದು ಅಕ್ಷರ ತೆಗೆಯಬೇಕೆಂದರೆ ಆ ಜಾಗವನ್ನು ಉಜ್ಜಿ ತಗ್ಗಿಸಬೇಕು, ಪ್ರತಿಬಿಂಬ ಅಲ್ಲಿ ಸೊಟ್ಟಗಾಗುತ್ತದೆ.

ತಲೆನೋವು ಶುರುವಾಗುವುದೇ ಇಲ್ಲಿ. ಉದ್ಘಾಟನೆಯ ದಿನ ಗೋಡೆಯ ಮೇಲಿದ್ದದ್ದು 57,939 ಹೆಸರು. ಆಮೇಲೆ ಸೇರಿದವು ಮುನ್ನೂರಕ್ಕೂ ಹೆಚ್ಚು. ದಿನದ ಕ್ರಮ ತಪ್ಪಬಾರದು, ಆದರೆ ನಡುವೆ ಸಾಲು ತೂರಿಸಲು ಜಾಗವಿಲ್ಲ. ಉಳಿದ ದಾರಿ ಒಂದೇ: ಸತ್ತ ದಿನಕ್ಕೆ ಆದಷ್ಟು ಹತ್ತಿರದ ಫಲಕದಲ್ಲಿ, ಯಾವ ಸಾಲಿನ ಕೊನೆಯಲ್ಲಿ ಆ ಹೆಸರು ಹಿಡಿಯುವಷ್ಟು ತೆರಪಿದೆ ನೋಡಿ ಅಲ್ಲಿ ಕೆತ್ತುವುದು. ಗಿಡ್ಡ ಹೆಸರಿಗೆ ಬೇಗ ಜಾಗ ಸಿಗುತ್ತದೆ, ಉದ್ದ ಹೆಸರು ತನ್ನ ದಿನದಿಂದ ದೂರ ಹೋಗಬೇಕಾಗುತ್ತದೆ. ಅರ್ಹತೆ ತೀರ್ಮಾನಿಸುವುದು ರಕ್ಷಣಾ ಇಲಾಖೆ. ಸೇರ್ಪಡೆಗಳನ್ನು ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಮಡಿದ ಯೋಧರನ್ನು ನೆನೆಯುವ ಮೆಮೋರಿಯಲ್ ಡೇಗೆ ಮುಂಚೆ, ಫಲಕ ನಿಂತ ಜಾಗದಲ್ಲೇ ಸ್ಟೆನ್ಸಿಲ್ ಅಂಟಿಸಿ ಮಾಡುತ್ತಾರೆ. ನಲವತ್ತು ವರ್ಷ ಬಿಸಿಲು ಮಳೆ ಕಂಡ ಬೂದಿಗೆ ಹೊಸ ಬೂದಿ ಹೊಂದಬೇಕು, ಆಳವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಸರಿಬರಬೇಕು.

ತಪ್ಪುಗಳೂ ಇವೆ. ಕಾಗುಣಿತ ತಪ್ಪಿದ ಕೆಲವು ಹೆಸರನ್ನು ಬೇರೆ ಫಲಕದಲ್ಲಿ ಸರಿಯಾಗಿ ಮತ್ತೆ ಕೆತ್ತಿದ್ದಾರೆ, ಹಳೆಯದು ಹಾಗೇ ಉಳಿದಿದೆ. ಕಡತದ ಗೊಂದಲದಿಂದ ಬದುಕಿದ್ದವರ ಹೆಸರೂ ಕೆಲವು ಸೇರಿಹೋಗಿವೆ. ಅವನ್ನು ತೆಗೆದಿಲ್ಲ; ಮುದ್ರಿತ ಸೂಚಿಯಿಂದ ಮಾತ್ರ ಕೈಬಿಡುತ್ತಾರೆ. ಮೊದಲ ಮಹಾಯುದ್ಧದಲ್ಲಿ ಕಾಣೆಯಾದವರಿಗೆ ಕಟ್ಟಿದ ಬೆಲ್ಜಿಯಂನ ಮೆನಿನ್ ಗೇಟ್‌ನಲ್ಲಿ ಇನ್ನೊಂದು ಬಗೆಯ ಪೇಚು: ಐವತ್ನಾಲ್ಕು ಸಾವಿರ ಹೆಸರಿಗೇ ಗೋಡೆ ತುಂಬಿ, 1917ರ ಆಗಸ್ಟ್ ನಡುವಿನ ಆಚೆ ಕಾಣೆಯಾದ ಬ್ರಿಟಿಷ್ ಸೈನಿಕರ ಹೆಸರನ್ನು ಟೈನ್ ಕಾಟ್ ಸ್ಮಶಾನದ ಗೋಡೆಗೆ ಒಯ್ಯಬೇಕಾಯಿತು. ಹೆಸರಿನ ಸ್ಮಾರಕ ಕಟ್ಟುವವರು ಯಾರೇ ಆಗಲಿ, ಖಾಲಿ ಜಾಗವನ್ನು ಎಲ್ಲಿ ಬಿಡಬೇಕೆಂಬುದನ್ನು ಮೊದಲ ನಕ್ಷೆಯಲ್ಲೇ ಬರೆದಿಡಬೇಕು.

ಗಲಾಟೆಯ ಕಥೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಕಪ್ಪು ಅವಮಾನದ ಬಣ್ಣ, ನೆಲದೊಳಗೆ ಹೂತಿಟ್ಟ ಹಾಗಿದೆ, ಧ್ವಜ ಇಲ್ಲ, ವೀರರ ಮೂರ್ತಿ ಇಲ್ಲ ಎಂದು ಒಂದು ಗುಂಪು ಎದ್ದಿತು. ಆಂತರಿಕ ಇಲಾಖೆಯ ಕಾರ್ಯದರ್ಶಿ ಜೇಮ್ಸ್ ವಾಟ್ ಪರವಾನಗಿ ತಡೆಹಿಡಿದರು. ರಾಜಿಯಾಗಿ ಫ್ರೆಡರಿಕ್ ಹಾರ್ಟ್ ಅವರ ಮೂವರು ಸೈನಿಕರ ಕಂಚಿನ ಮೂರ್ತಿ ಮತ್ತು ಧ್ವಜಸ್ತಂಭ ಸೇರಿದವು. ವಿರೋಧಿಗಳು ಕೇಳಿದ್ದು ಮೂರ್ತಿಯನ್ನು ಗೋಡೆಗಳ ನಡುಮಧ್ಯೆ, ಧ್ವಜವನ್ನು ಮೂಲೆಯ ನೆತ್ತಿಯ ಮೇಲೆ. ಹಾಗಾಗಿದ್ದರೆ ಹೆಸರಿನ ಕ್ರಮ ಸೇರುವ ಜಾಗವೇ ಮೂರ್ತಿಯ ಹಿನ್ನೆಲೆಯಾಗಿ ಬಿಡುತ್ತಿತ್ತು. 1982ರ ಅಕ್ಟೋಬರಿನಲ್ಲಿ ಲಲಿತಕಲಾ ಆಯೋಗ ಎರಡನ್ನೂ ಪಕ್ಕಕ್ಕೆ, ಪ್ರವೇಶದ ಬಳಿ ಮರಗಳ ಹತ್ತಿರ ಸರಿಸಿತು. 1984ರಲ್ಲಿ ನಿಂತ ಆ ಮೂವರು ದೂರದಿಂದ ಗೋಡೆಯತ್ತ ನೋಡುತ್ತಿರುವ ಹಾಗಿದ್ದಾರೆ. ರಾಜಿ ಇಷ್ಟು ಚೆನ್ನಾಗಿ ಕೂರುವುದು ಅಪರೂಪ. 1993ರಲ್ಲಿ ಗ್ಲೆನಾ ಗುಡೇಕರ್ ಅವರ ಮಹಿಳಾ ಸ್ಮಾರಕ ಬಂತು: ಗಾಯಾಳು ಸೈನಿಕ ಮತ್ತು ಮೂವರು ಹೆಂಗಸರು, ಸುತ್ತ ಎಂಟು ಯೆಲ್ಲೋವುಡ್ ಮರ. ಎಂಟೇ ಯಾಕೆಂದರೆ ಗೋಡೆಯ ಮೇಲಿರುವ ಮಹಿಳೆಯರ ಹೆಸರು ಎಂಟು. ಯುದ್ಧದಲ್ಲಿ ಕಾಡಿನ ಮೇಲೆ ಸಿಂಪಡಿಸಿದ್ದ ಏಜೆಂಟ್ ಆರೆಂಜ್ ಎಂಬ ಕಳೆನಾಶಕದ ವಿಷದಿಂದಲೋ ಮನೋವೇದನೆಯಿಂದಲೋ ಊರಿಗೆ ಬಂದ ಮೇಲೆ ಸತ್ತವರು ಗೋಡೆಗೆ ಅರ್ಹರಲ್ಲ; ಅವರಿಗಾಗಿ 2004ರಲ್ಲಿ ಬೇರೆ ಒಂದು ಫಲಕ ಹಾಕಿದರು.

ನಿರ್ವಹಣೆಯಲ್ಲಿ ಮೊದಲು ಕೈಕೊಟ್ಟದ್ದು ಹುಲ್ಲು. ಜನ ಹುಲ್ಲಿನ ಮೇಲೆ ನಡೆದು ಗೋಡೆಗೆ ಬರಲಿ ಎಂಬುದು ಲಿನ್ ಕಲ್ಪನೆ. ಬಂದ ಜನಸಾಗರಕ್ಕೆ ಹುಲ್ಲು ಕೆಸರಾಯಿತು, ಹಾಸುಗಲ್ಲಿನ ದಾರಿ ಮಾಡಿ ಅಗಲಿಸಬೇಕಾಯಿತು. ಗೋಡೆ ದಕ್ಷಿಣಕ್ಕೆ ತೆರೆದುಕೊಂಡಿದೆ; ಕಪ್ಪು ಕಲ್ಲು ದಿನವಿಡೀ ಬಿಸಿಲು ಕುಡಿದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಫಲಕಗಳ ನಡುವಿನ ಸಂದು ಈ ಆಟಕ್ಕಾಗಿಯೇ ಇರುವುದು. ಕೆಲವೇ ವರ್ಷದಲ್ಲಿ ಒಂದಷ್ಟು ಫಲಕಗಳಲ್ಲಿ ಕೂದಲೆಳೆಯ ಬಿರುಕು ಕಂಡವು. ಎಲ್ಲಕ್ಕಿಂತ ಹೆಚ್ಚಿನ ಕೊಳೆ ಬೆರಳಿನ ಎಣ್ಣೆಯದು. ಮೆತ್ತನೆಯ ಬ್ರಷ್, ಸೌಮ್ಯ ಸೋಪು ಮತ್ತು ನೀರಿನಿಂದ ಸ್ವಯಂಸೇವಕರು ತೊಳೆಯುತ್ತಾರೆ. ಆಮ್ಲ ಇರುವ ಕ್ಲೀನರ್ ಹೊಳಪನ್ನು ತಿನ್ನುತ್ತದೆ. ಜನ ಬಿಟ್ಟುಹೋಗುವ ಪತ್ರ, ಬೂಟು, ಪದಕಗಳನ್ನು ರಾಷ್ಟ್ರೀಯ ಉದ್ಯಾನ ಸೇವೆಯವರು ಎತ್ತಿ ಮೇರಿಲ್ಯಾಂಡಿನ ಉಗ್ರಾಣದಲ್ಲಿ ಇಡುತ್ತಾರೆ. ಈವರೆಗೆ 4 ಲಕ್ಷಕ್ಕೂ ಹೆಚ್ಚು ವಸ್ತು ಸೇರಿವೆ. ಹೂವು, ಬಾವುಟಗಳನ್ನು ಇಟ್ಟುಕೊಳ್ಳುವುದಿಲ್ಲ.

ವಾಷಿಂಗ್ಟನ್ ಕಡೆ ಇರುವವರಿಗೆ, ಹೋಗುವವರಿಗೆ ನಾಲ್ಕು ಮಾತು. ಸ್ಮಾರಕ 24 ಗಂಟೆ ತೆರೆದಿರುತ್ತದೆ, ಟಿಕೆಟ್ ಇಲ್ಲ. ಹೆಸರು ಹುಡುಕಬೇಕಿದ್ದರೆ ಎರಡೂ ತುದಿಯಲ್ಲಿರುವ ಅಕಾರಾದಿ ಪುಸ್ತಕವನ್ನು ಮೊದಲು ನೋಡಿ. ಅಲ್ಲಿ ಸಿಗುವುದು ಫಲಕದ ನಂಬರು, ಪೂರ್ವವೋ ಪಶ್ಚಿಮವೋ ಎಂಬ ಅಕ್ಷರ, ಸಾಲಿನ ನಂಬರು. ಫಲಕದ ನಂಬರು ಬುಡದಲ್ಲಿ ಕೆತ್ತಿದೆ. ಸಾಲು ಎಣಿಸುವಾಗ ಕಣ್ಣು ತಪ್ಪದಿರಲೆಂದು ಒಂದು ಬಿಟ್ಟು ಒಂದು ಫಲಕದಲ್ಲಿ ಹತ್ತು ಸಾಲಿಗೊಂದು ಚುಕ್ಕೆ ಇದೆ. ಹೆಸರಿನ ಅಚ್ಚು ಬೇಕಿದ್ದರೆ ಕಾಗದ, ಪೆನ್ಸಿಲ್ ಸ್ವಯಂಸೇವಕರ ಹತ್ತಿರ ಇರುತ್ತದೆ; ಕಾಗದವನ್ನು ಬಿಗಿಯಾಗಿ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ, ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಆಳ ಕಡಿಮೆ, ಒತ್ತಿದರೆ ಅಕ್ಷರ ಮುಚ್ಚಿಹೋಗುತ್ತದೆ. ಮೂಲೆಯ ಫಲಕಗಳ ಮೇಲಿನ ಸಾಲುಗಳು ಕೈಗೆ ಎಟುಕುವುದಿಲ್ಲ, ಏಣಿ ಅವರ ಹತ್ತಿರವೇ ಇದೆ, ಕೇಳಿ. ಫೋಟೊಗೆ ಎದುರು ನಿಂತರೆ ನಿಮ್ಮ ಮುಖವೇ ಬರುತ್ತದೆ. ಪಕ್ಕಕ್ಕೆ ಸರಿದು ಓರೆಯಾಗಿ ತೆಗೆದರೆ ಹೆಸರು ಸಿಗುತ್ತದೆ.